ಪಿಗ್ಮಿ ಪುಸ್ತಕದಿಂದ ವರ್ತನಾ ಅರ್ಥಶಾಸ್ತ್ರಕ್ಕೆ

ವರ್ತನಾ ಅರ್ಥಶಾಸ್ತ್ರ (ಹಣದ ವಿಷಯದಲ್ಲಿ ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವ ಶಾಸ್ತ್ರ) ಮತ್ತು ಮನಃಶಾಸ್ತ್ರದ ಒಂದು ಸೆಮಿಸ್ಟರಿನ ಕೋರ್ಸ್ ಮುಗಿದು ಫಲಿತಾಂಶ ಬಂದ ಮೇಲೆ, ಡೊಂಬಿವಲಿಯ ನಮ್ಮ ಕಟ್ಟಡದವರಿಂದ ಹಿಡಿದು ಊರಿನಲ್ಲಿರುವ ನಾದಿನಿಯ ಮಗಳವರೆಗೆ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ‘ಇದರಿಂದ ಏನು ಸಿಗುತ್ತದೆ?’ ಮತ್ತು ‘ನಮ್ಮಂಥವರಿಗೆ ಸೀಟು ಕೊಡುತ್ತಾರೆಯೇ?’ ಎರಡನೆಯದಕ್ಕೆ ಉತ್ತರ ಸುಲಭ: ಕೊಡುತ್ತಾರೆ, ಆದರೆ ಕರ್ನಾಟಕದ ಅಂಕಪಟ್ಟಿ ಹಿಡಿದು ಹೋಗುವವರು ಮೊದಲು ಕಾಗದಪತ್ರ ಸರಿಮಾಡಿಕೊಳ್ಳಬೇಕು. ಮೊದಲನೆಯದಕ್ಕೆ ಉತ್ತರ ಉದ್ದವಾದ್ದರಿಂದ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯ ಮುಂಬಯಿಯ ಪಶ್ಚಿಮ ಉಪನಗರದಲ್ಲಿದೆ. ಹೆಸರು ಹೇಳುವುದಿಲ್ಲ, ಏಕೆಂದರೆ ದೂರುಗಳೂ ಇವೆ. ಮೂಲ ದಾಖಲೆಗಳನ್ನು ಬಿಡಿಸಿಕೊಳ್ಳಲು ಅದೇ ಗುಮಾಸ್ತರ ಮುಂದೆ ಮತ್ತೆ ನಿಲ್ಲಬೇಕಾಗಿದೆ.

ನಾನು ಮುಲುಂಡಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುವವಳು. 1998ರಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಮುಂಬಯಿಗೆ ಬಂದೆ. ನಮ್ಮ ಸಂಘ ನಿಂತಿರುವುದೇ ಪಿಗ್ಮಿಯ ಮೇಲೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ದಿನಕ್ಕೆ ಎರಡಾಣೆಯಿಂದ ಆರಂಭಿಸಿದ ಠೇವಣಿ ಅದು. ಇಂದು ಮಹಾರಾಷ್ಟ್ರದ ಪತಸಂಸ್ಥೆಗಳಲ್ಲೂ ಅದೇ ಹೆಸರಿನಲ್ಲಿ ನಡೆಯುತ್ತಿದೆ. ಏಜೆಂಟ್ ಪ್ರತಿದಿನ ಅಂಗಡಿಯ ಬಾಗಿಲಿಗೆ ಹೋಗಿ ನೂರು, ಇನ್ನೂರು ರೂಪಾಯಿ ತರುತ್ತಾನೆ. ಅವಧಿಗೆ ಮೊದಲೇ ಹಣ ತೆಗೆದರೆ ಬಡ್ಡಿ ಇಲ್ಲ, ಕೆಲವೊಮ್ಮೆ ಕೈಯಿಂದಲೇ ಕಡಿತವಾಗುತ್ತದೆ. ಹೀಗೆ ಪಿಗ್ಮಿ ಕಟ್ಟುವ ತರಕಾರಿ ಅಂಗಡಿಯವನು ಇನ್ನೊಂದು ಕಡೆ ದಿನದ ಬಡ್ಡಿಗೆ ಸಾಲ ತಂದಿರುತ್ತಾನೆ. ಕಡಿಮೆ ಬಡ್ಡಿಗೆ ಹಣ ಇಡುತ್ತಾ ಹೆಚ್ಚು ಬಡ್ಡಿಗೆ ಸಾಲ ತರುವವನನ್ನು ನಾನು ಓದಿದ ಬಿ.ಕಾಂ. ಪುಸ್ತಕ ದಡ್ಡ ಎನ್ನುತ್ತದೆ. ಅವನೊಡನೆ ಟೊಮೆಟೊ ಚೌಕಾಸಿ ಮಾಡಿದವರು ಯಾರೂ ಹಾಗೆನ್ನಲಾರರು. ವರ್ಷಗಟ್ಟಲೆ ಈ ಲೆಕ್ಕ ಬರೆದು ನನಗೆ ಅದೊಂದೇ ಕುತೂಹಲ ಉಳಿದಿತ್ತು. ಅರ್ಥಶಾಸ್ತ್ರ ಮತ್ತು ಮನಃಶಾಸ್ತ್ರ ವಿಭಾಗಗಳು ಜೊತೆಯಾಗಿ ವಾರಾಂತ್ಯದ ಕೋರ್ಸ್ ನಡೆಸುತ್ತವೆ, ಯಾವ ಪದವಿಯಾದರೂ ಸಾಕು ಎಂಬ ಪ್ರಕಟಣೆಯನ್ನು ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬಳು ತೋರಿಸಿದಾಗ ಅರ್ಜಿ ಹಾಕಿದೆ.

ಅರ್ಜಿ ತುಂಬಲು ಕುಳಿತಾಗಲೇ ಮೊದಲ ತೊಡಕು ಎದುರಾಯಿತು. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್‌ಗಳಿವೆ, ಒಂದು ಊರಿನದು, ಒಂದು ತಂದೆಯದು. ಮಹಾರಾಷ್ಟ್ರದ ಅರ್ಜಿಗಳು ಕೇಳುವುದು ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಬೇರೆ ಚೌಕದಲ್ಲಿ ತಾಯಿಯ ಹೆಸರು. ನನ್ನ ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರಿದೆ, ಪ್ಯಾನ್ ಕಾರ್ಡಿನಲ್ಲಿ ತಂದೆಯ ಪೂರ್ಣ ಹೆಸರಿದೆ. ಪರಿಶೀಲನೆಯ ಕೌಂಟರಿನಲ್ಲಿದ್ದವರು ಮೂರೂ ಕಾಗದಗಳನ್ನು ಸಾಲಾಗಿ ಇಟ್ಟು, ‘ಮ್ಯಾಡಮ್, ಇವರಲ್ಲಿ ನೀವು ಯಾರು?’ ಎಂದು ಮರಾಠಿಯಲ್ಲಿ ಕೇಳಿದರು. ತಮಾಷೆಯಾಗಿ ಕೇಳಿದ್ದಲ್ಲ. ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಪ್ರಕಟವಾಗಲೇಬೇಕು ಎಂದು ಒಂದು ಕಿಟಕಿಯವರು ಹೇಳಿದರೆ, ಅದೆಲ್ಲ ಬೇಡ ಎಂದು ಪಕ್ಕದ ಕಿಟಕಿಯವರು ಹೇಳಿದರು. ಕೊನೆಗೆ ವಿವಾಹ ನೋಂದಣಿ ಪ್ರಮಾಣಪತ್ರ, ಮತ್ತು ಈ ಮೂರೂ ಹೆಸರುಗಳು ಒಬ್ಬಳದೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಸಾಕಾಯಿತು. ನೀವು ಹೋಗುವುದಾದರೆ ಅಫಿಡವಿಟ್‌ನಲ್ಲಿ ಪ್ರತಿಯೊಂದು ದಾಖಲೆಯಲ್ಲಿ ಹೆಸರು ಯಾವ ಅಕ್ಷರಗಳಲ್ಲಿದೆಯೋ ಹಾಗೆಯೇ, ಚುಕ್ಕೆ ಸಮೇತ ಬರೆಸಿ. ಓದು ಬಿಟ್ಟು ಎಷ್ಟು ವರ್ಷವಾಯಿತು, ಆ ನಡುವೆ ಏನು ಮಾಡಿದಿರಿ ಎಂಬ ಇನ್ನೊಂದು ಅಫಿಡವಿಟ್ ಕೂಡ ಕೇಳುತ್ತಾರೆ. ಎರಡನ್ನೂ ಒಟ್ಟಿಗೇ ಮಾಡಿಸಿದರೆ ನೋಟರಿಯ ಬಳಿ ಒಂದು ಓಡಾಟ ಉಳಿಯುತ್ತದೆ.

ಇದಲ್ಲದೆ ಈಗ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಗಳ ಗುರುತಿನ ಸಂಖ್ಯೆ ಬೇಕು. ಡಿಜಿಲಾಕರ್ ಮೂಲಕ ಕ್ಷಣದಲ್ಲಿ ಸಿಗುತ್ತದೆ ಎನ್ನುತ್ತಾರೆ, ಸಿಗುವುದೂ ಹೌದು, ಆದರೆ ಅದು ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುತ್ತದೆ. ಪ್ರವೇಶದ ಅರ್ಜಿಯಲ್ಲಿ ಅಂಕಪಟ್ಟಿಯ ಹೆಸರು, ಕ್ರೆಡಿಟ್ ಖಾತೆಯಲ್ಲಿ ಆಧಾರ್‌ನ ಹೆಸರು ಇದ್ದರೆ ಕೊನೆಯಲ್ಲಿ ಕ್ರೆಡಿಟ್‌ಗಳು ಜಮೆಯಾಗುವಾಗ ತೊಂದರೆ. ಅರ್ಜಿಯಲ್ಲಿ ಆಧಾರ್‌ನ ಹೆಸರನ್ನೇ ಬರೆದು, ಹಳೆಯ ಹೆಸರಿಗೆ ಅಫಿಡವಿಟ್ ಲಗತ್ತಿಸಿ.

ನಿಜವಾಗಿ ಕಾಡಿದ್ದು ವಲಸೆ ಪ್ರಮಾಣಪತ್ರ, ಅಂದರೆ ಮೈಗ್ರೇಷನ್ ಸರ್ಟಿಫಿಕೇಟ್. ಬೇರೆ ರಾಜ್ಯದ ವಿಶ್ವವಿದ್ಯಾಲಯದಿಂದ ಬಂದವರಿಗೆ ಅರ್ಹತಾ ಪ್ರಮಾಣಪತ್ರ ಕೊಡುವ ಮೊದಲು ಇಲ್ಲಿ ಅದನ್ನು ಕೇಳುತ್ತಾರೆ. ನನ್ನ ಹಳೆಯ ವಿಶ್ವವಿದ್ಯಾಲಯ ಆನ್‌ಲೈನ್ ಅರ್ಜಿ ತೆಗೆದುಕೊಳ್ಳುತ್ತದೆ, ಶುಲ್ಕವೂ ಹೆಚ್ಚಲ್ಲ. ಆದರೆ ನನ್ನ ನೋಂದಣಿ ಸಂಖ್ಯೆ ಆ ಕಾಲದ ಮಾದರಿಯದು, ಪರದೆಯ ಮೇಲಿನ ಚೌಕ ಅದನ್ನು ಒಪ್ಪಲಿಲ್ಲ. ದೂರವಾಣಿ ಯಾರೂ ಎತ್ತುತ್ತಿರಲಿಲ್ಲ. ಕೊನೆಗೆ ಊರಿನಲ್ಲಿರುವ ತಮ್ಮ ನನ್ನ ಅಧಿಕಾರ ಪತ್ರ ಹಿಡಿದು ಪರೀಕ್ಷಾ ವಿಭಾಗಕ್ಕೆ ಹೋದ. ಹಳೆಯ ದಪ್ಪ ರಿಜಿಸ್ಟರು ಹುಡುಕಿ, ನನ್ನ ಹೆಸರು ಇರುವ ಪುಟ ಸಿಕ್ಕಿತು ಎಂದು ಅವನು ಕರೆ ಮಾಡಿದಾಗ ನಾನು ಮುಲುಂಡ್ ನಿಲ್ದಾಣದ ಮೇಲ್ಸೇತುವೆಯಲ್ಲಿದ್ದೆ. ಜನರ ನೂಕಾಟದ ನಡುವೆ ನಿಂತು ನಕ್ಕುಬಿಟ್ಟೆ. ಪತ್ರ ಕೈಸೇರುವಷ್ಟರಲ್ಲಿ ಮಳೆಗಾಲ ಮುಗಿಯುತ್ತಾ ಬಂದಿತ್ತು. ಅಷ್ಟರವರೆಗೆ ಮುಚ್ಚಳಿಕೆ ಬರೆದುಕೊಟ್ಟು ತಾತ್ಕಾಲಿಕ ಪ್ರವೇಶದ ಮೇಲೆ ತರಗತಿಗೆ ಕುಳಿತೆ. ಆ ಸೌಲಭ್ಯ ಇರುವುದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿದರೆ ಇದೆ ಎನ್ನುತ್ತಾರೆ. ಜನರು ಒಳ್ಳೆಯ ಕೆಲಸವನ್ನು ಅರ್ಧಕ್ಕೇ ಬಿಡುವಂತೆ ಮಾಡುವ ಇಂಥ ಅನಗತ್ಯ ತೊಡಕುಗಳಿಗೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 2018ರಲ್ಲಿ ‘ಸ್ಲಡ್ಜ್’ ಎಂದು ಹೆಸರಿಟ್ಟು ಬರೆದ ಪುಟ್ಟ ಲೇಖನವನ್ನು ಆಮೇಲೆ ತರಗತಿಯಲ್ಲಿ ಓದಿಸಿದರು. ಆ ಕೋಣೆಯಲ್ಲಿದ್ದ ನಾವೆಲ್ಲ ಅದನ್ನು ಓದುವ ಅಗತ್ಯವೇ ಇಲ್ಲದ ವಿದ್ಯಾರ್ಥಿಗಳು.

ಸಕಾಲಕ್ಕೆ ಕಟ್ಟಿದರೆ ಶುಲ್ಕ ₹18,000. ಮೊದಲ ಸೂಚನೆಯಲ್ಲಿ, ನಿಗದಿತ ದಿನದೊಳಗೆ ಕಟ್ಟಿದರೆ ₹1,000 ರಿಯಾಯಿತಿ ಎಂದಿತ್ತು. ಎರಡನೆಯ ಸೂಚನೆಯಲ್ಲಿ ಅದೇ ಲೆಕ್ಕ ‘ತಡವಾದರೆ ₹1,000 ದಂಡ’ ಎಂದು ಬದಲಾಯಿತು. ದಂಡ ಎಂಬ ಪದ ಕಂಡ ಸಂಜೆಯೇ ನಾನೂ ಕಟ್ಟಿದೆ. ವಿಭಾಗದವರು ಬೇಕೆಂದೇ ಮಾಡಿದರೋ ಟೈಪಿಸ್ಟ್ ತಾನಾಗಿ ಬದಲಿಸಿದರೋ ಕೊನೆಯವರೆಗೂ ಬಾಯಿಬಿಡಲಿಲ್ಲ. ಅರ್ಥಶಾಸ್ತ್ರಜ್ಞರ ಸಮ್ಮೇಳನವೊಂದರ ನೋಂದಣಿಯಲ್ಲೇ ಇದನ್ನು ಪರೀಕ್ಷಿಸಿದ ಪ್ರಬಂಧ 2009ರಲ್ಲಿ ಪ್ರಕಟವಾಗಿದೆ. ರಿಯಾಯಿತಿ ಎಂದದ್ದಕ್ಕಿಂತ ದಂಡ ಎಂದಾಗ ಸಂಶೋಧನಾ ವಿದ್ಯಾರ್ಥಿಗಳು ಹೆಚ್ಚಾಗಿ ಬೇಗ ಹಣ ಕಟ್ಟಿದರಂತೆ, ಹಿರಿಯರ ಮೇಲೆ ಅಂಥ ಪರಿಣಾಮ ಕಾಣಲಿಲ್ಲವಂತೆ.

ತರಗತಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ. ಡೊಂಬಿವಲಿಯವರಿಗೆ ಭಾನುವಾರ ಎಂದರೆ ಮೆಗಾಬ್ಲಾಕ್. ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಗಾಗಿ ಗಾಡಿಗಳು ತಡವಾಗುತ್ತವೆ, ವೇಗದ ಗಾಡಿ ನಿಧಾನದ ಹಳಿಗೆ ಬರುತ್ತದೆ, ದಾದರಿನಲ್ಲಿ ವೆಸ್ಟರ್ನ್‌ಗೆ ಬದಲಾಯಿಸುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಹಾಜರಾತಿ ಶೇಕಡಾ 75 ಕಡ್ಡಾಯ. ಮೆಗಾಬ್ಲಾಕ್ ನೆಪ ನಡೆಯುವುದಿಲ್ಲ, ಏಕೆಂದರೆ ಪಾಠ ಮಾಡುವವರೇ ಕಲ್ಯಾಣದಿಂದ ಬರುತ್ತಿದ್ದರು. ಶುಕ್ರವಾರವೇ ಬ್ಲಾಕಿನ ವೇಳೆ ನೋಡಿಕೊಂಡು ಒಂದು ಗಾಡಿ ಮೊದಲೇ ಹೊರಡುವುದನ್ನು ಬಿಟ್ಟರೆ ಬೇರೆ ದಾರಿ ನನಗೆ ಕಾಣಲಿಲ್ಲ.

ಕೋಣೆಯಲ್ಲಿ ಎಂಥೆಂಥವರಿದ್ದರು! ಮೊಬೈಲ್ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವ ಹುಡುಗರು, ಮಾನವ ಸಂಪನ್ಮೂಲ ವಿಭಾಗದವರು, ಒಬ್ಬ ದಂತವೈದ್ಯೆ, ಶೇರು ದಲ್ಲಾಳಿ, ನಿವೃತ್ತ ಪೊಲೀಸ್ ಅಧಿಕಾರಿ. ಪಾಠ ಇಂಗ್ಲಿಷಿನಲ್ಲಿ, ನಗೆಚಾಟಿಕೆ ಮರಾಠಿಯಲ್ಲಿ. ಮನಸ್ಸಿನ ಬಗ್ಗೆ ಹಗುರವಾದ ಮಾತುಗಳನ್ನು ಕೇಳಬಹುದು ಎಂದುಕೊಂಡು ಬಂದಿದ್ದವರು ಎರಡನೆಯ ವಾರದ ಹೊತ್ತಿಗೆ ತೆಳುವಾದರು. ಮೊದಲು ಬಂದದ್ದು ನಿರೀಕ್ಷಿತ ಉಪಯುಕ್ತತೆಯ ಸಿದ್ಧಾಂತ (ಪ್ರತಿ ಫಲದ ಉಪಯೋಗವನ್ನು ಅದರ ಸಂಭವನೀಯತೆಯಿಂದ ತೂಗಿ ಮನುಷ್ಯ ಆಯ್ಕೆ ಮಾಡುತ್ತಾನೆ ಎನ್ನುವುದು), ಅದೂ ಸಮೀಕರಣಗಳ ಸಮೇತ. ಶಾಸ್ತ್ರೀಯ ಅರ್ಥಶಾಸ್ತ್ರ ಮನುಷ್ಯನನ್ನು ಹೇಗೆ ಕಲ್ಪಿಸಿಕೊಂಡಿದೆ ಎಂದು ಸರಿಯಾಗಿ ತಿಳಿಯದೆ, ಅವನು ಎಲ್ಲಿ ಬೇರೆಯಾಗಿ ನಡೆಯುತ್ತಾನೆ ಎಂದು ಹೇಳುವುದಕ್ಕೆ ಅರ್ಥವಿಲ್ಲ ಎಂಬುದು ಅರ್ಥಶಾಸ್ತ್ರದ ಮೇಷ್ಟರ ಹಟ. ಜನರ ಆಯ್ಕೆಗಳು ಆ ಸಿದ್ಧಾಂತಕ್ಕೆ ಹೊಂದುವುದಿಲ್ಲವೆಂದು 1953ರಲ್ಲಿ ಮೌರಿಸ್ ಅಲೆ ಎತ್ತಿದ ವಿರೋಧಾಭಾಸ, ಮನುಷ್ಯನ ಲೆಕ್ಕಾಚಾರದ ಶಕ್ತಿಗೇ ಮಿತಿಯಿದೆ ಎಂದ ಹರ್ಬರ್ಟ್ ಸೈಮನ್, ಆಮೇಲೆ 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ ಪ್ರಕಟಿಸಿದ ಪ್ರಾಸ್ಪೆಕ್ಟ್ ಥಿಯರಿ. ಜನ ಲಾಭನಷ್ಟವನ್ನು ಒಟ್ಟು ಆಸ್ತಿಯಿಂದ ಅಳೆಯುವುದಿಲ್ಲ, ತಾವು ನಿಂತ ಜಾಗದಿಂದ ಅಳೆಯುತ್ತಾರೆ. ಅಷ್ಟೇ ಮೊತ್ತದ ಲಾಭದ ಖುಷಿಗಿಂತ ನಷ್ಟದ ನೋವು ಹೆಚ್ಚು. 1992ರ ಅವರ ಇನ್ನೊಂದು ಪ್ರಬಂಧದ ಅಂದಾಜಿನಲ್ಲಿ ಆ ನೋವಿನ ತೂಕ ಸುಮಾರು 2.25 ಪಟ್ಟು. ಟ್ವೆರ್‌ಸ್ಕಿ 1996ರಲ್ಲೇ ತೀರಿಕೊಂಡಿದ್ದರಿಂದ 2002ರ ಅರ್ಥಶಾಸ್ತ್ರದ ನೊಬೆಲ್ ಮನಃಶಾಸ್ತ್ರಜ್ಞ ಕಾನೆಮನ್ ಅವರಿಗೆ ಬಂದಾಗ ಜೊತೆಗಾರ ಇರಲಿಲ್ಲ. ಇದನ್ನು ಹೇಳುವಾಗ ಮೇಷ್ಟರು ಒಂದು ಕ್ಷಣ ಸುಮ್ಮನಾದರು. ಗಣಿತಕ್ಕೆ ಹೆದರುವವರಿಗೆ ಒಂದು ಮಾತು: ಪಿಯುಸಿಯ ಸಂಭವನೀಯತೆ, ಲಾಗರಿದಮ್, ಸರಾಸರಿ ಮತ್ತು ವಿಚಲನೆ ಮತ್ತೆ ನೋಡಿಕೊಂಡರೆ ಸಾಕು. ಮಗನ ಹನ್ನೆರಡನೆಯ ತರಗತಿಯ ಪುಸ್ತಕ ನನಗೆ ಆ ಮಟ್ಟಿಗೆ ನೆರವಾಯಿತು.

ತರಗತಿಯಲ್ಲೇ ಪ್ರಯೋಗಗಳು ನಡೆದವು. 1990ರಲ್ಲಿ ಕಾನೆಮನ್, ಕ್ನೆಚ್ ಮತ್ತು ಥೇಲರ್ ಪ್ರಕಟಿಸಿದ ಕಾಫಿ ಮಗ್ಗಿನ ಪ್ರಯೋಗವನ್ನು ನಮ್ಮಲ್ಲಿ ಸ್ಟೀಲ್ ಲೋಟದಿಂದ ಮಾಡಿದರು. ಅರ್ಧ ಜನರಿಗೆ ಲೋಟ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದೂ, ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದೂ ಕೇಳಿದರು. ಮೂಲ ಪ್ರಯೋಗದಲ್ಲಿ ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟಿತ್ತು. ನಮ್ಮಲ್ಲೂ ಅಂತರ ದೊಡ್ಡದಾಗಿಯೇ ಬಂತು. ಶೇರು ದಲ್ಲಾಳಿ ಮಾತ್ರ ತನ್ನ ಲೋಟವನ್ನು ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಂಡ. ಪಳಗಿದ ವ್ಯಾಪಾರಿಗಳಲ್ಲಿ ಈ ಪರಿಣಾಮ ಕುಗ್ಗುತ್ತದೆ ಎಂದು ಹೇಳುವ ಸಂಶೋಧನೆಯೂ ಇದೆಯೆಂದು ಮೇಷ್ಟರು ಆಗಲೇ ಹೇಳಿದರು.

ನನಗೆ ಹೆಚ್ಚು ಹಿಡಿಸಿದ್ದು ಟಿಕೆಟಿನ ಪ್ರಶ್ನೆ. 1981ರ ಪ್ರಬಂಧದಲ್ಲಿ ಟ್ವೆರ್‌ಸ್ಕಿ ಮತ್ತು ಕಾನೆಮನ್ ಕೇಳಿದ್ದು ಹೀಗೆ: ಹತ್ತು ಡಾಲರಿನ ನಾಟಕಕ್ಕೆ ಹೋಗುವಾಗ ಹತ್ತು ಡಾಲರ್ ನೋಟು ಕಳೆದಿದ್ದರೆ ಟಿಕೆಟ್ ಕೊಳ್ಳುತ್ತೀರಾ? ಶೇಕಡಾ 88 ಮಂದಿ ಹೌದೆಂದರು. ಕೊಂಡ ಟಿಕೆಟ್ಟೇ ಕಳೆದಿದ್ದರೆ ಮತ್ತೊಂದು ಕೊಳ್ಳುತ್ತೀರಾ? ಹೌದೆಂದವರು ಶೇಕಡಾ 46 ಮಾತ್ರ. ನಷ್ಟ ಎರಡೂ ಕಡೆ ಒಂದೇ. ಮನೆಗೆ ಬಂದು ಅತ್ತೆಯ ಮುಂದೆ ಮಾಟುಂಗದ ಯಕ್ಷಗಾನದ ಟಿಕೆಟ್ ಎಂದು ಬದಲಿಸಿ ಕೇಳಿದೆ. ‘ದುಡ್ಡು ಕಳೆದರೆ ಗ್ರಹಚಾರ. ಟಿಕೆಟ್ ಕಳೆದರೆ ಆಟ ನೋಡುವುದು ದೇವರಿಗೆ ಇಷ್ಟವಿಲ್ಲ ಅಂತ ಅರ್ಥ, ವಾಪಸು ಬರಬೇಕು’ ಎಂದರು. ಆಟದ ಖರ್ಚಿನ ಡಬ್ಬಿ ಬೇರೆ, ಕೈಖರ್ಚಿನ ಡಬ್ಬಿ ಬೇರೆ ಎಂದು ಮನಸ್ಸು ವಿಂಗಡಿಸುತ್ತದೆ ಎನ್ನುವುದು ಥೇಲರ್ ಅವರ ವಿವರಣೆ. ಅತ್ತೆಯ ಅಡುಗೆಮನೆಯಲ್ಲಿ ಹಾಲಿನ ದುಡ್ಡು, ಹೂವಿನ ದುಡ್ಡು, ಕಾಣಿಕೆ ದುಡ್ಡು ನಿಜವಾಗಿಯೇ ಬೇರೆಬೇರೆ ಡಬ್ಬಿಗಳಲ್ಲಿವೆ, ಒಂದರಿಂದ ಇನ್ನೊಂದಕ್ಕೆ ಸಾಲ ಕೊಡುವಾಗ ಚೀಟಿ ಬರೆದು ಹಾಕುತ್ತಾರೆ.

ನನ್ನ ಪಿಗ್ಮಿ ಪ್ರಶ್ನೆಗೆ ಉತ್ತರದ ಹತ್ತಿರ ಬಂದದ್ದು ಕಾಲದ ಮೇಲಿನ ಪಾಠದಲ್ಲಿ. ಇವತ್ತು ಮತ್ತು ನಾಳೆಯ ನಡುವೆ ಇರುವ ಅಂತರವನ್ನು ನಾವು ಮುಂದಿನ ವರ್ಷದ ಎರಡು ದಿನಗಳ ಅಂತರದಂತೆ ನೋಡುವುದಿಲ್ಲ. ಇಂದಿನದಕ್ಕೆ ತೂಕ ಜಾಸ್ತಿ. ಅರ್ಥಶಾಸ್ತ್ರಜ್ಞ ಡೇವಿಡ್ ಲೈಬ್ಸನ್ 1997ರಲ್ಲಿ ಇದನ್ನು ಸರಳ ಗಣಿತಕ್ಕೆ ಇಳಿಸಿದರು. ತನ್ನ ಈ ಸ್ವಭಾವ ತನಗೇ ಗೊತ್ತಿರುವವನು ನಾಳೆಯ ತನ್ನ ಕೈಯನ್ನು ಇಂದೇ ಕಟ್ಟಿಹಾಕಲು ನೋಡುತ್ತಾನೆ, ಅದಕ್ಕಾಗಿ ಬಡ್ಡಿ ಬಿಡಲೂ ಸಿದ್ಧನಿರುತ್ತಾನೆ. ಫಿಲಿಪ್ಪೀನ್ಸ್‌ನಲ್ಲಿ ನಾವಾ ಅಶ್ರಫ್, ಡೀನ್ ಕಾರ್ಲನ್, ವೆಸ್ಲಿ ಯಿನ್ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವೇ ನಿಗದಿಮಾಡಿದ ದಿನ ಅಥವಾ ಮೊತ್ತ ತಲುಪುವವರೆಗೆ ಹಣ ತೆಗೆಯಲಾಗದ ಖಾತೆಯನ್ನು ಬ್ಯಾಂಕಿನ ಗ್ರಾಹಕರ ಮುಂದಿಟ್ಟರು. ಹೆಚ್ಚಿನ ಬಡ್ಡಿ ಏನೂ ಇರಲಿಲ್ಲ. ಆದರೂ ಶೇಕಡಾ 28 ಮಂದಿ ಒಪ್ಪಿದರು, ವರ್ಷದ ಕೊನೆಗೆ ಆ ಖಾತೆ ನೀಡಲಾದವರ ಉಳಿತಾಯ ಉಳಿದವರಿಗಿಂತ ಗಣನೀಯವಾಗಿ ಹೆಚ್ಚಿತ್ತು. ಅದೇ ಸಂಶೋಧಕರು ಮನೆಬಾಗಿಲಿಗೆ ಬಂದು ಠೇವಣಿ ಸಂಗ್ರಹಿಸುವ ಪದ್ಧತಿಯನ್ನೂ ಪರೀಕ್ಷಿಸಿದ್ದಾರೆ. ನಾನು ಕೈಯೆತ್ತಿ ಉಡುಪಿಯ 1928ರ ಕಥೆ ಹೇಳಿದೆ. ಮೇಷ್ಟರು ಮರುವಾರ ಪಿಗ್ಮಿ ಪುಸ್ತಕವೊಂದನ್ನು ತರಲು ಹೇಳಿ, ಇಡೀ ತರಗತಿಗೆ ಕೈಯಿಂದ ಕೈಗೆ ದಾಟಿಸಿದರು. ಆ್ಯಪ್ ಹುಡುಗರು ಅದರ ಚೌಕಗಳ ಫೋಟೊ ತೆಗೆದುಕೊಂಡರು. ನನ್ನ ತರಕಾರಿ ಅಂಗಡಿಯವನು ಅಂದಿನಿಂದ ನನ್ನ ಲೆಕ್ಕದಲ್ಲಿ ದಡ್ಡರ ಪಟ್ಟಿಯಿಂದ ಅಧಿಕೃತವಾಗಿಯೇ ಹೊರಬಿದ್ದ.

ಇಡೀ ಸೆಮಿಸ್ಟರಿನಲ್ಲಿ ಶುಲ್ಕಕ್ಕೆ ತಕ್ಕದ್ದು ಸಿಕ್ಕಿತು ಎನಿಸಿದ್ದು ಅನುಮಾನದ ವಾರಗಳಲ್ಲಿ. ಮನಃಶಾಸ್ತ್ರದ ಮೇಡಂ ಬಂದು, ಅಲ್ಲಿಯವರೆಗೆ ಕಲಿತದ್ದರಲ್ಲಿ ಎಷ್ಟು ನಿಲ್ಲುತ್ತದೆ ನೋಡೋಣ ಎಂದರು. 2015ರಲ್ಲಿ ಸಂಶೋಧಕರ ದೊಡ್ಡ ಗುಂಪೊಂದು ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ನಡೆಸಿದಾಗ ಸುಮಾರು ಶೇಕಡಾ 36ರಲ್ಲಿ ಮಾತ್ರ ಅಂಕಿಅಂಶದ ದೃಷ್ಟಿಯಿಂದ ಗಣನೀಯ ಫಲಿತಾಂಶ ಮರಳಿ ಬಂತು. ಅರ್ಜಿಯ ಕೊನೆಯ ಬದಲು ಆರಂಭದಲ್ಲೇ ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದು 2012ರಲ್ಲಿ ಹೆಸರು ಮಾಡಿದ ಪ್ರಬಂಧವನ್ನು, ಅದರ ದತ್ತಾಂಶವೇ ನಂಬಲರ್ಹವಲ್ಲವೆಂದು ಕಂಡ ಮೇಲೆ 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರು ದಿನದ ಗುರಿ ತಲುಪಿದೊಡನೆ ಮನೆಗೆ ಹೋಗುತ್ತಾರೆ, ಗಿರಾಕಿ ಹೆಚ್ಚಿರುವ ದಿನವೇ ಬೇಗ ಗಾಡಿ ನಿಲ್ಲಿಸುತ್ತಾರೆ ಎಂದ 1997ರ ಪ್ರಬಂಧಕ್ಕೆ ಹೆನ್ರಿ ಫಾರ್ಬರ್ ಬೇರೆ ದತ್ತಾಂಶ ಹಿಡಿದು ತಕರಾರು ತೆಗೆದರು. ನಾವು ಎರಡು ಗುಂಪಾಗಿ ವಾದಿಸಿದೆವು. ನಿವೃತ್ತ ಪೊಲೀಸ್ ಅಧಿಕಾರಿ ಮುಂಬಯಿಯ ರಿಕ್ಷಾ ಚಾಲಕರ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ನಿಲುವಂಗಿ ತೊಟ್ಟು ವೇದಿಕೆಯ ಮೇಲೆ ಈ ಶಾಸ್ತ್ರದ ಮಾತನಾಡುವ ತರಬೇತುದಾರರನ್ನು ನಂಬಿ ಬಂದಿದ್ದ ಕೆಲವರಿಗೆ ಆ ವಾರಗಳು ಬೇಸರ ತಂದವು. ನನಗೆ ಆಗ ಲವಲವಿಕೆ ಬಂತು. ಲೆಕ್ಕಪರಿಶೋಧಕರು ಬಂದಾಗ ರಸೀದಿ ತೋರಿಸಲೇಬೇಕಾದ ಕೆಲಸದವಳಿಗೆ ಈ ಭಾಷೆ ಅರ್ಥವಾಗುತ್ತದೆ.

ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ಇಸ್ರೇಲಿನ ಹೈಫಾದ ಶಿಶುಪಾಲನಾ ಕೇಂದ್ರಗಳಲ್ಲಿ ದಂಡ ಹಾಕಿದಾಗ ತಡವಾಗುವವರು ಕಡಿಮೆಯಾಗದೆ ಹೆಚ್ಚಾದ 2000ದ ಅಧ್ಯಯನ, ತಮಿಳುನಾಡಿನ ಕಬ್ಬು ಬೆಳೆಗಾರರು ಕಟಾವಿನ ಹಣ ಬಂದ ಮೇಲೆ ಬುದ್ಧಿಪರೀಕ್ಷೆಗಳಲ್ಲಿ ಮುಂಚಿಗಿಂತ ಚೆನ್ನಾಗಿ ಮಾಡಿದರೆಂದ 2013ರ ಅಧ್ಯಯನ, 2018-19ರ ಕೇಂದ್ರ ಆರ್ಥಿಕ ಸಮೀಕ್ಷೆಯಲ್ಲಿ ಈ ಶಾಸ್ತ್ರಕ್ಕೆಂದೇ ಬರೆದ ಅಧ್ಯಾಯ, ಇವೆಲ್ಲ ಪರೀಕ್ಷೆಗೆ ಬರುತ್ತವೆ. ಸಮೀಕ್ಷೆಯ ಅಧ್ಯಾಯ ಓದಲು ಸುಲಭ, ಉಚಿತವಾಗಿ ಸಿಗುತ್ತದೆ. ಕೋರ್ಸ್ ಸೇರುವ ಮೊದಲೇ ಓದಿ ನೋಡಿ. ಅದು ರುಚಿಸದಿದ್ದರೆ ಶುಲ್ಕ ಕಟ್ಟುವುದು ಬೇಡ.

ಕಿರುಯೋಜನೆಗೆ ನಾನು ಆರಿಸಿಕೊಂಡದ್ದು ಭಿಶಿ. ಊರಿನಲ್ಲಿ ಚೀಟಿ ಎನ್ನುತ್ತೇವೆ. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕಿ ಒಬ್ಬರು ಎತ್ತಿಕೊಳ್ಳುವ ಕೂಟ. ಲೆಕ್ಕದ ಪ್ರಕಾರ ಮೊದಲು ಎತ್ತಿದವರಿಗೆ ಲಾಭ, ಬಡ್ಡಿಯಿಲ್ಲದ ಸಾಲ ಸಿಕ್ಕಂತೆ. ಕೊನೆಗೆ ಎತ್ತುವವರು ಅಷ್ಟೂ ದಿನ ಬಡ್ಡಿಯಿಲ್ಲದೆ ಸಾಲ ಕೊಟ್ಟಂತೆ. ಹಾಗಿದ್ದೂ ನಮ್ಮ ಕಟ್ಟಡದ ಹೆಂಗಸರಲ್ಲಿ ಕೊನೆಯ ಸರದಿಗೇ ಬೇಡಿಕೆ ಏಕೆ? ಇದೇ ಪ್ರಶ್ನೆ. ವಿಷಯ ಒಪ್ಪಿಗೆಯಾದ ಮೇಲೆ ನಿರೀಕ್ಷಿಸದ ಕಡೆಯಿಂದ ತಡೆ ಬಂತು. ಮನುಷ್ಯರನ್ನು ಪ್ರಶ್ನಿಸುವ ಯಾವುದೇ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು, ಪ್ರತಿಯೊಬ್ಬರಿಂದ ಲಿಖಿತ ಸಮ್ಮತಿ ಬೇಕು. ಸಮಿತಿ ಸೇರುವುದೇ ಅಪರೂಪ. ಅರ್ಜಿಯನ್ನು ಎರಡನೆಯ ತಿಂಗಳಲ್ಲೇ ಹಾಕಬೇಕು ಎಂದು ಹಿಂದಿನ ತಂಡದ ವಿದ್ಯಾರ್ಥಿನಿ ಎಚ್ಚರಿಸಿದ್ದರಿಂದ ನಾನು ಬಚಾವಾದೆ. ಸಮೀಕ್ಷೆ ಮುಗಿಸಿ ಆಮೇಲೆ ಅನುಮತಿ ಕೇಳಿದ ಇಬ್ಬರ ಕೆಲಸವನ್ನು ಪೂರ್ತಿ ತಿರಸ್ಕರಿಸಿದರು.

ಸಮ್ಮತಿ ಪತ್ರವನ್ನು ಕನ್ನಡ ಮತ್ತು ಮರಾಠಿಯಲ್ಲಿ ಬರೆದು ಕೊಂಡುಹೋದೆ. ಭಿಶಿಯ ಹೆಂಗಸರು ಮಾತಿಗೆ ಸಿದ್ಧ, ಸಹಿಗೆ ಸಿದ್ಧರಿಲ್ಲ. ‘ಅಕ್ಕ, ನೀವು ಬೇರೆ ಸಂಘದಲ್ಲಿ ಕೆಲಸ ಮಾಡುವವರು. ಈ ಕಾಗದ ನಾಳೆ ಇನ್‌ಕಮ್ ಟ್ಯಾಕ್ಸಿನವರ ಕೈಗೆ ಹೋದರೆ?’ ಎಂದು ಮೂರನೆಯ ಮಹಡಿಯಾಕೆ ಕೇಳಿದಳು. ಅವಳ ಗಂಡನಿಗೆ ಈ ಭಿಶಿಯ ವಿಷಯವೇ ಗೊತ್ತಿಲ್ಲ ಎಂಬುದು ಆಮೇಲೆ ತಿಳಿಯಿತು. ಮೇಡಂಗೆ ಹೇಳಿದಾಗ, ಮೌಖಿಕ ಸಮ್ಮತಿಗೆ ಅವಕಾಶವಿದೆ, ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಟಿಪ್ಪಣಿ ಮಾಡಿಕೊಳ್ಳಿ ಎಂದು ಸಮಿತಿಗೆ ತಿದ್ದುಪಡಿ ಕಳಿಸಿದರು. ಹೆಸರು ಬೇಡ, ಮನೆ ನಂಬರು ಬೇಡ, ಮೊತ್ತವೂ ಬೇಡ ಎಂದು ಹೇಳಿದ ಮೇಲೆ ಬಾಯಿ ತೆರೆದವು, ಮುಚ್ಚಿಸುವುದೇ ಕಷ್ಟವಾಯಿತು. ಕೊನೆಯ ಸರದಿ ಬೇಕೆನ್ನುವವರಲ್ಲಿ ಬಹುತೇಕರು ಹೇಳಿದ್ದು ಒಂದೇ ಮಾತು: ಹಣ ಕೈಗೆ ಬಂದರೆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ನೈರೋಬಿಯ ಕಿಬೆರಾದಲ್ಲಿ ಇಂಥದೇ ಕೂಟಗಳನ್ನು ಅಭ್ಯಾಸ ಮಾಡಿದ ಸಿವಾನ್ ಆ್ಯಂಡರ್ಸನ್ ಮತ್ತು ಜಾನ್-ಮಾರಿ ಬಾಲಾಂಡ್, ಹೆಂಗಸರು ಉಳಿತಾಯವನ್ನು ಗಂಡಂದಿರ ಕೈಗೆ ಸಿಗದಂತೆ ಇಡಲು ಸೇರುತ್ತಾರೆ ಎಂದು 2002ರಲ್ಲಿ ಬರೆದಿದ್ದಾರೆ. ಅದನ್ನು ಓದಿ ಹೇಳಿದಾಗ ಭಿಶಿ ಕೂಟ ನಕ್ಕ ನಗೆಗೆ ಕೆಳಗಿನ ಮಹಡಿಯವರು ಬಾಗಿಲು ತೆರೆದು ನೋಡಿದರು. ನನ್ನ ಮಾದರಿ ಚಿಕ್ಕದು, ಎಲ್ಲರೂ ಒಂದೇ ಕಟ್ಟಡದವರು. ಇದರಿಂದ ಊರಿಗೆಲ್ಲ ಅನ್ವಯಿಸುವ ಮಾತು ಹೇಳಲಾಗದು ಎಂದು ವರದಿಯ ಮೊದಲ ಪುಟದಲ್ಲೇ ಬರೆದೆ. ಅದಕ್ಕೇ ಅಂಕ ಬಂತು ಎಂದು ಆಮೇಲೆ ತಿಳಿಯಿತು.

ದತ್ತಾಂಶ ವಿಶ್ಲೇಷಣೆಗೆ ದುಬಾರಿ ತಂತ್ರಾಂಶ ಕೊಳ್ಳಬೇಡಿ. ಉಚಿತವಾಗಿ ಸಿಗುವ ‘ಆರ್’ ಸಾಕು, ನಮ್ಮ ಮಟ್ಟಕ್ಕೆ ಎಕ್ಸೆಲ್ ಕೂಡ ನಡೆಯುತ್ತದೆ.

ಲಿಖಿತ ಪರೀಕ್ಷೆ 60 ಅಂಕ, ಆಂತರಿಕ 40. ಪ್ರಬಂಧದ ಹೆಸರು, ವರ್ಷ ಉರುಹೊಡೆದವರಿಗಿಂತ, ಒಂದು ಪ್ರಯೋಗದ ವಿನ್ಯಾಸದಲ್ಲಿ ಎಲ್ಲಿ ಸಡಿಲವಿದೆ ಎಂದು ತೋರಿಸಿದವರಿಗೆ ಅಂಕ ಹೆಚ್ಚು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ನನ್ನನ್ನು ಭಿಶಿ ಬಿಟ್ಟು ಪಿಗ್ಮಿಯ ಮೇಲೆ ಹಿಡಿದರು. ‘ಏಜೆಂಟನ ಬದಲು ಯುಪಿಐ ಆಟೊಪೇ ಹಾಕಿದರೆ ಖರ್ಚು ಉಳಿಯುತ್ತದೆ, ದಿನವೂ ತಾನಾಗಿ ಕಡಿತವಾಗುತ್ತದೆ. ನಿಮ್ಮ ಸಂಘ ಏಕೆ ಮಾಡುವುದಿಲ್ಲ?’ ಎಂದರು. ಆಟೊಪೇ ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಆಯಿತು, ಅಂಗಡಿಯ ಮುಂದೆ ನಿಂತ ಏಜೆಂಟನಿಗೆ ಇವತ್ತು ಬೇಡ ಎನ್ನಲು ಮುಖ ಬೇಕು ಎಂದೆ. ‘ಪುರಾವೆ?’ ಎಂದರು. ಇಲ್ಲ ಎಂದೆ. ‘ಹಾಗಾದರೆ ಅದೇ ನಿಮ್ಮ ಮುಂದಿನ ಅಧ್ಯಯನ’ ಎಂದು ಬರೆದುಕೊಂಡರು. ಸಂಘದ ಮ್ಯಾನೇಜರಿಗೆ ಈ ಸಂಭಾಷಣೆ ಹೇಳಿದ್ದೇನೆ. ಅವರು ಇನ್ನೂ ಆಟೊಪೇಯ ಕಡೆಗೇ ಇದ್ದಾರೆ.

ಖರ್ಚಿನ ಲೆಕ್ಕ: ಶುಲ್ಕ ₹18,000, ನೋಟರಿ, ವಲಸೆ ಪತ್ರ, ಅರ್ಹತಾ ಪತ್ರ, ತಮ್ಮನ ಬಸ್ಸು ಸೇರಿ ಎರಡು ಸಾವಿರದ ಮೇಲೆ, ರೈಲ್ವೆ ಪಾಸನ್ನು ಪಶ್ಚಿಮದವರೆಗೆ ವಿಸ್ತರಿಸಿದ್ದು ಬೇರೆ, ದಾದರಿನ ಇಡ್ಲಿ ಬೇರೆ. ಪುಸ್ತಕಕ್ಕೆ ಹೆಚ್ಚು ಹೋಗಲಿಲ್ಲ, ಬಹುತೇಕ ಪ್ರಬಂಧಗಳು ಗ್ರಂಥಾಲಯದ ಖಾತೆಯಿಂದ ಸಿಗುತ್ತವೆ. ಆ ಖಾತೆ ಪರೀಕ್ಷೆ ಮುಗಿದ ವಾರವೇ ಮುಚ್ಚುತ್ತದೆ, ಬೇಕಾದ್ದನ್ನು ಮೊದಲೇ ಇಳಿಸಿಕೊಳ್ಳಿ. ಫಲಿತಾಂಶ ಹೇಳಿದ ಸಮಯಕ್ಕಿಂತ ಬಹಳ ತಡವಾಗಿ ಬಂತು. ಕ್ರೆಡಿಟ್‌ಗಳು ಡಿಜಿಲಾಕರ್ ಖಾತೆಯಲ್ಲಿ ಕಾಣುತ್ತಿವೆ, ಮುದ್ರಿತ ಪ್ರಮಾಣಪತ್ರ ಇನ್ನೂ ಬಂದಿಲ್ಲ. ವಲಸೆ ಪತ್ರದ ಮೂಲಪ್ರತಿಯನ್ನು ಅವರು ಹಿಂತಿರುಗಿಸುವುದಿಲ್ಲ, ಕೊಡುವ ಮೊದಲು ಅದರ ದೃಢೀಕೃತ ನಕಲುಗಳನ್ನು ಮಾಡಿಸಿಟ್ಟುಕೊಳ್ಳಿ. ಉಳಿದ ಮೂಲ ದಾಖಲೆಗಳನ್ನು ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಊಟದ ಬಿಡುವಿನ ನಂತರ ಮಾತ್ರ ಕೊಡುತ್ತಾರೆ. ದಾಖಲೆ ಸಲ್ಲಿಸಿದಾಗ ಕೊಟ್ಟ ರಸೀದಿ ಕಡ್ಡಾಯ, ಮೊಬೈಲಿನಲ್ಲಿ ತೆಗೆದ ಅದರ ಫೋಟೊ ನಡೆಯುವುದಿಲ್ಲ.